ಅಂಗಡಿಯ ಎಸಿಗೆ ತಾಮ್ರದ ಪೈಪು ಎಳೆಸುವಾಗ

ಮಾರ್ಚ್ ಬಂತೆಂದರೆ ಬಟ್ಟೆ ಅಂಗಡಿ, ಲ್ಯಾಬ್, ಕೋಚಿಂಗ್ ಸೆಂಟರ್, ಹೋಟೆಲಿನ ಎಸಿ ಹಾಲ್ ನಡೆಸುವವರದ್ದೆಲ್ಲ ಒಂದೇ ದೂರು: ಎಸಿ ಓಡುತ್ತಿದೆ, ತಂಪಾಗುತ್ತಿಲ್ಲ. ಮೆಕ್ಯಾನಿಕ್ ಬರುತ್ತಾರೆ, ಗೇಜ್ ಹಚ್ಚುತ್ತಾರೆ, ‘ಗ್ಯಾಸ್ ಕಡಿಮೆಯಾಗಿದೆ ಸಾರ್, ಟಾಪ್‌ಅಪ್ ಮಾಡಬೇಕು’ ಎನ್ನುತ್ತಾರೆ. ನೀವು ಹಣ ಕೊಡುತ್ತೀರಿ. ಮುಂದಿನ ಬೇಸಿಗೆಗೆ ಮತ್ತೆ ಅದೇ ಮಾತು, ಮತ್ತೆ ಅದೇ ಬಿಲ್ಲು. ಹೀಗೆ ನಾಲ್ಕೈದು ವರ್ಷ ನಡೆದ ಮೇಲೆ ಒಂದು ದಿನ ಕಂಪ್ರೆಸರ್ ಸುಟ್ಟಿತೆಂಬ ಸುದ್ದಿ ಬರುತ್ತದೆ.

ಗ್ಯಾಸ್ ಎನ್ನುವುದು ಎಸಿ ಓಡಿದಷ್ಟೂ ಖರ್ಚಾಗುವ ವಸ್ತು ಎಂದು ತುಂಬಾ ಜನ ನಂಬಿದ್ದಾರೆ. ಅದು ಖರ್ಚಾಗುವುದಿಲ್ಲ. ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರಬೇಕು. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಬಹುತೇಕ ಸಲ ಆ ಸೋರಿಕೆ ಇರುವುದು ಕಂಪನಿಯಿಂದ ಬಂದ ಇಂಡೋರ್ ಯೂನಿಟ್ಟಿನಲ್ಲೂ ಅಲ್ಲ, ಔಟ್‌ಡೋರ್ ಯೂನಿಟ್ಟಿನಲ್ಲೂ ಅಲ್ಲ. ಅವೆರಡರ ನಡುವೆ ನಿಮ್ಮ ಕಟ್ಟಡದಲ್ಲೇ ಕೂತು ಕತ್ತರಿಸಿ, ಬಗ್ಗಿಸಿ, ಬೆಸೆದು ಮಾಡಿದ ತಾಮ್ರದ ಪೈಪಿನಲ್ಲಿ. ಸ್ಪ್ಲಿಟ್ ಎಸಿಯ ಎರಡು ತುಂಡುಗಳು ಕಾರ್ಖಾನೆಯಲ್ಲಿ ತಯಾರಾಗುತ್ತವೆ. ಮೂರನೆಯ ತುಂಡು ತಯಾರಾಗುವುದು ನಿಮ್ಮ ಗೋಡೆಯ ಮೇಲೆ, ಒಂದೆರಡು ದಿನದಲ್ಲಿ, ಧೂಳಿನ ನಡುವೆ. ಅದನ್ನು ಹೇಗೆ ಮಾಡಬೇಕೆಂಬುದು ಈ ಲೇಖನದ ವಿಷಯ. ಐಟಿಐ ಮುಗಿಸಿ ಈಗಷ್ಟೇ ಕೆಲಸಕ್ಕಿಳಿದ ಹುಡುಗರಿಗೂ, ಕೆಲಸ ಮಾಡಿಸುವ ಮಾಲೀಕರಿಗೂ ಸೇರಿಸಿಯೇ ಬರೆದಿದ್ದೇನೆ. ಮಾಲೀಕರು ಪೈಪು ಬೆಸೆಯಬೇಕಿಲ್ಲ, ಬೆಸೆಯುವಾಗ ಪಕ್ಕದಲ್ಲಿ ನಿಂತು ಏನು ನೋಡಬೇಕು ಎಂದು ತಿಳಿದಿದ್ದರೆ ಸಾಕು.

ಪೈಪಿನ ಕೆಲಸ ಏನು

ಇಂಡೋರ್‌ನಿಂದ ಔಟ್‌ಡೋರ್‌ಗೆ ಎರಡು ಪೈಪು ಹೋಗುತ್ತವೆ. ಸಣ್ಣದು ಲಿಕ್ವಿಡ್ ಲೈನ್, ದಪ್ಪದ್ದು ಸಕ್ಷನ್ ಲೈನ್. ಒಳಗಿನ ಶಾಖವನ್ನು ಹೀರಿ ಆವಿಯಾದ ರೆಫ್ರಿಜರೆಂಟ್, ಅಂದರೆ ಗ್ಯಾಸ್, ದಪ್ಪ ಪೈಪಿನಲ್ಲಿ ಕಂಪ್ರೆಸರಿಗೆ ಮರಳುತ್ತದೆ. ಇದು ಎಲ್ಲರಿಗೂ ಗೊತ್ತು. ಹೆಚ್ಚಿನವರು ಮರೆಯುವುದು ಎಣ್ಣೆಯನ್ನು. ಕಂಪ್ರೆಸರಿನ ಎಣ್ಣೆ ಸ್ವಲ್ಪ ಸ್ವಲ್ಪವಾಗಿ ಗ್ಯಾಸಿನ ಜೊತೆ ಹೊರಗೆ ಹೋಗುತ್ತಲೇ ಇರುತ್ತದೆ, ಹೋದಷ್ಟೂ ಅದೇ ದಪ್ಪ ಪೈಪಿನ ಮೂಲಕ ಹಿಂದಿರುಗಬೇಕು. ಹಿಂದಿರುಗದಿದ್ದರೆ ಕಂಪ್ರೆಸರ್ ಒಣಗಿ ಸಾಯುತ್ತದೆ. ಹಾಗಾಗಿ ಪೈಪಿನ ಮೇಲೆ ಮೂರು ಹೊಣೆಗಳಿವೆ: ಗ್ಯಾಸನ್ನು ಹೊರಗೆ ಬಿಡಬಾರದು, ಗಾಳಿ ಮತ್ತು ನೀರಿನ ತೇವವನ್ನು ಒಳಗೆ ಬಿಡಬಾರದು, ಎಣ್ಣೆಯನ್ನು ಮನೆಗೆ ಮುಟ್ಟಿಸಬೇಕು.

ಹತ್ತಿಪ್ಪತ್ತು ವರ್ಷದ ಹಿಂದೆ ಇವುಗಳಲ್ಲಿ ಸಣ್ಣಪುಟ್ಟ ಲೋಪವಾದರೂ ನಡೆದುಹೋಗುತ್ತಿತ್ತು. ಆಗ ಇದ್ದದ್ದು ಆರ್-22 ಎಂಬ ಗ್ಯಾಸ್. ಓಜೋನ್ ಪದರವನ್ನು ಉಳಿಸಲು 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದದ ದಾರಿಯಲ್ಲಿ ಅದು ಹಿಂದೆ ಸರಿದು ಆರ್-410ಎ ಬಂತು, ಈಗ ಆರ್-32 ಹೆಚ್ಚು. ಹೊರಗಿನ ಕಾಯಿಲ್ 45 ಡಿಗ್ರಿಯಲ್ಲಿದ್ದಾಗ ಆರ್-22ರ ಒತ್ತಡ ಸುಮಾರು 235 ಪಿಎಸ್‌ಐ. ಅದೇ ಉಷ್ಣತೆಗೆ ಆರ್-32ರದ್ದು ಸುಮಾರು 390. ಹಳೆಯ ಎಸಿಯಲ್ಲಿ ತಡೆದುಕೊಳ್ಳುತ್ತಿದ್ದ ಅರೆಬರೆ ಫ್ಲೇರ್ (ನಟ್ಟಿನೊಳಗೆ ಕೂರುವಂತೆ ಅಗಲಿಸಿದ ಪೈಪಿನ ಬಾಯಿ) ಈಗ ತಡೆಯುವುದಿಲ್ಲ. ಎಣ್ಣೆಯೂ ಬದಲಾಗಿದೆ. ಈಗ ಬಳಸುವ ಪಿಒಇ ಎಣ್ಣೆ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ, ತೇವ ಸೇರಿ ಬಿಸಿಯಾದರೆ ಒಡೆದು ಆಮ್ಲವಾಗುತ್ತದೆ. ಆ ಆಮ್ಲ ಮೋಟಾರಿನ ವೈಂಡಿಂಗನ್ನು ತಿನ್ನುತ್ತದೆ. ಗ್ಯಾಸ್ ಸೋರದಿದ್ದರೂ ಕಂಪ್ರೆಸರ್ ಸುಡುವುದಕ್ಕೆ ಇದೊಂದು ದೊಡ್ಡ ಕಾರಣ.

ಪೈಪು ತರುವ ಮುನ್ನ

ದಾರಿ ಮೊದಲು ಗುರುತಾಗಲಿ. ನಮ್ಮ ಊರುಗಳಲ್ಲಿ ಅಂಗಡಿ ನೆಲಮಹಡಿಯಲ್ಲಿ, ಔಟ್‌ಡೋರ್ ಮೂರನೆಯ ಮಹಡಿಯ ತಾರಸಿಯಲ್ಲಿ ಇರುವುದು ಸಾಮಾನ್ಯ. ಮುಂಭಾಗ ಚೆನ್ನಾಗಿ ಕಾಣಲಿ ಎಂದು ಪೈಪನ್ನು ಕಟ್ಟಡದ ಸುತ್ತ ತಿರುಗಿಸಿ ಒಯ್ಯುತ್ತಾರೆ. ಹಾಗೆ ಸುತ್ತಿಸಿದ ಪ್ರತಿ ಮೀಟರಿಗೂ ತಂಪು ಸ್ವಲ್ಪ ಕಡಿಮೆಯಾಗುತ್ತದೆ, ಕರೆಂಟು ಸ್ವಲ್ಪ ಹೆಚ್ಚು ಸುಡುತ್ತದೆ. ಯೂನಿಟ್ಟಿನ ಇನ್‌ಸ್ಟಲೇಶನ್ ಮ್ಯಾನ್ಯುಯಲ್‌ನಲ್ಲಿ ಎರಡು ಮಿತಿಗಳು ಅಚ್ಚಾಗಿರುತ್ತವೆ: ಪೈಪಿನ ಗರಿಷ್ಠ ಉದ್ದ, ಮತ್ತು ಎರಡು ಯೂನಿಟ್ಟುಗಳ ನಡುವೆ ಇರಬಹುದಾದ ಗರಿಷ್ಠ ಎತ್ತರದ ಅಂತರ. ಪ್ರತಿ ಬೆಂಡನ್ನೂ ಇಷ್ಟು ಮೀಟರ್ ನೇರ ಪೈಪಿಗೆ ಸಮ ಎಂದು ಉದ್ದಕ್ಕೆ ಸೇರಿಸಿ ಲೆಕ್ಕ ಹಾಕಬೇಕು. ಮಿತಿ ದಾಟಿದರೆ ಯೂನಿಟ್ಟಿನ ಜಾಗವನ್ನೇ ಬದಲಿಸಿ. ಇಲ್ಲಿ ರಾಜಿ ಬೇಡ.

ಪೈಪಿನ ಸೈಜು ಕೂಡ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ. ‘ದಪ್ಪ ಹಾಕಿದರೆ ಒಳ್ಳೆಯದು, ಗ್ಯಾಸ್ ಸಲೀಸಾಗಿ ಓಡುತ್ತದೆ’ ಎಂಬ ಮಾತು ಕೇಳಲು ಚೆಂದ, ಆದರೆ ಅಪಾಯದ ಮಾತು. ಮೇಲೇರುವ ಸಕ್ಷನ್ ಪೈಪಿನಲ್ಲಿ ಎಣ್ಣೆಯನ್ನು ತಳ್ಳಿಕೊಂಡು ಹೋಗಬೇಕಾದರೆ ಗ್ಯಾಸ್ ಸೆಕೆಂಡಿಗೆ ಸುಮಾರು 5 ಮೀಟರ್ ವೇಗದಲ್ಲಾದರೂ ಓಡಬೇಕು. ಅಗತ್ಯಕ್ಕಿಂತ ದಪ್ಪ ಪೈಪಿನಲ್ಲಿ ವೇಗ ತಗ್ಗಿ ಎಣ್ಣೆ ಕೆಳಗೇ ಉಳಿಯುತ್ತದೆ. ಅಗತ್ಯಕ್ಕಿಂತ ಸಣ್ಣದಾದರೆ ಒತ್ತಡ ಕುಸಿದು ಎಸಿಯ ಸಾಮರ್ಥ್ಯವೇ ಇಳಿಯುತ್ತದೆ.

ಇನ್ನು ಪೈಪಿನ ಗೋಡೆಯ ದಪ್ಪ. ಅಂಗಡಿಯಲ್ಲಿ ಇದನ್ನು ಗೇಜ್ ಲೆಕ್ಕದಲ್ಲಿ ಹೇಳುತ್ತಾರೆ. ಸಂಖ್ಯೆ ಹೆಚ್ಚಾದಷ್ಟೂ ಪೈಪು ತೆಳು: 20 ಗೇಜ್ ಎಂದರೆ ಸುಮಾರು 0.91 ಮಿ.ಮೀ., 22 ಗೇಜ್ ಎಂದರೆ ಸುಮಾರು 0.71 ಮಿ.ಮೀ. ಆರ್-410ಎ, ಆರ್-32 ಯೂನಿಟ್ಟುಗಳಿಗೆ ಕಾಲು ಇಂಚಿನಿಂದ ಅರ್ಧ ಇಂಚಿನವರೆಗೆ 0.8 ಮಿ.ಮೀ., 5/8 ಇಂಚಿಗೆ 1 ಮಿ.ಮೀ. ಎಂದು ಹಲವು ಕಂಪನಿಗಳು ಕೇಳುತ್ತವೆ. ಪೈಪನ್ನು ತೂಕದ ಲೆಕ್ಕದಲ್ಲಿ ಅಗ್ಗಕ್ಕೆ ಕೊಟ್ಟರೆಂದರೆ ತೆಳುವಾಗಿರುತ್ತದೆ ಎಂದೇ ತಿಳಿಯಿರಿ. ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದು ನೋಡುವುದು ಒಂದು ನಿಮಿಷದ ಕೆಲಸ. ಪೈಪಿನ ಎರಡೂ ತುದಿಗೆ ಮುಚ್ಚಳವಿರಬೇಕು, ಐಎಸ್ 10773 ಮಾನಕದ ಗುರುತು ಇದ್ದರೆ ಇನ್ನೂ ಒಳ್ಳೆಯದು.

ಕೆಲಸದ ಕ್ರಮ

1. ದಾರಿ ಕೊರೆಯುವುದು. ಗೋಡೆಯ ತೂತಿಗೆ ಪಿವಿಸಿ ಸ್ಲೀವ್ ಹಾಕಿ. ಹೊರಗಿನ ಬದಿ ಸ್ವಲ್ಪ ಕೆಳಕ್ಕೆ ವಾಲಿರಲಿ, ಮಳೆನೀರು ಒಳಗೆ ಹರಿಯದು. ಪೈಪು ತೂರಿಸುವಾಗ ತುದಿಗೆ ಮುಚ್ಚಳ ಹಾಕಿ, ಮೇಲೆ ಟೇಪು ಸುತ್ತಿ. ಒಳಗೆ ಬಿದ್ದ ಒಂದು ಚಿಟಿಕೆ ಸಿಮೆಂಟು ಪುಡಿ ಮುಂದೆ ರೆಫ್ರಿಜರೆಂಟಿನ ಹರಿವನ್ನು ಹದಮಾಡುವ ಎಕ್ಸ್‌ಪಾನ್ಷನ್ ವಾಲ್ವಿನ ಬಾಯಿ ಕಟ್ಟಬಲ್ಲದು. ಕೆಲಸ ಮುಗಿದ ಮೇಲೆ ಸ್ಲೀವಿನ ಸಂದು ಮುಚ್ಚಲು ಮರೆಯಬೇಡಿ, ಇಲಿಗೆ ಇನ್ಸುಲೇಶನ್ ಎಂದರೆ ಬಲು ಪ್ರೀತಿ.

2. ಕತ್ತರಿಸುವುದು, ಬಗ್ಗಿಸುವುದು. ಹ್ಯಾಕ್ಸಾ ಬೇಡ, ಟ್ಯೂಬ್ ಕಟ್ಟರ್ ಬಳಸಿ. ಕತ್ತರಿಸಿದ ಮೇಲೆ ಒಳ ಅಂಚಿನ ಮುಳ್ಳನ್ನು ಕೆರೆದು ತೆಗೆಯುವಾಗ ಪೈಪಿನ ಬಾಯಿ ಕೆಳಮುಖವಾಗಿರಲಿ, ತಾಮ್ರದ ಪುಡಿ ಹೊರಗೇ ಬೀಳುತ್ತದೆ. ಬಾಗು ಬೇಕಾದಲ್ಲಿ ಬೆಂಡರ್ ಬಳಸಿ. ಬಾಗಿನ ತ್ರಿಜ್ಯ ಪೈಪಿನ ಹೊರವ್ಯಾಸದ ಮೂರು ನಾಲ್ಕು ಪಟ್ಟಿಗಿಂತ ಕಡಿಮೆಯಾಗಬಾರದು. ಮೊಣಕಾಲಿಗೆ ಒತ್ತಿ ಬಗ್ಗಿಸಿದ ಪೈಪು ಒಳಗೆ ಚಪ್ಪಟೆಯಾಗಿರುತ್ತದೆ, ಚಪ್ಪಟೆಯಾದ ತುಂಡನ್ನು ಕತ್ತರಿಸಿ ಎಸೆಯಿರಿ. ಸುರುಳಿ ಪೈಪು ಸಾಮಾನ್ಯವಾಗಿ 15 ಮೀಟರ್ ಉದ್ದ ಬರುತ್ತದೆ, ಅದನ್ನು ಆದಷ್ಟೂ ಇಡಿಯಾಗಿ ಎಳೆದರೆ ಜಾಯಿಂಟ್ ಕಡಿಮೆ. ಗೋಡೆಯೊಳಗೆ, ಫಾಲ್ಸ್ ಸೀಲಿಂಗಿನ ಕೈಗೆಟುಕದ ಮೂಲೆಯಲ್ಲಿ ಜಾಯಿಂಟ್ ಇರಲೇಬಾರದು.

3. ಇಳಿಜಾರು ಮತ್ತು ಟ್ರ್ಯಾಪ್. ಅಡ್ಡ ಓಡುವ ಸಕ್ಷನ್ ಪೈಪು ಕಂಪ್ರೆಸರಿನ ಕಡೆಗೆ 200ಕ್ಕೆ 1ರಷ್ಟಾದರೂ ಇಳಿದಿರಲಿ, ಎಣ್ಣೆ ತಾನಾಗಿ ಆ ಕಡೆ ಜರಿಯುತ್ತದೆ. ಔಟ್‌ಡೋರ್ ಮೇಲಿದ್ದರೆ ಪೈಪು ಏರಲು ಶುರುವಾಗುವ ಬುಡದಲ್ಲಿ ಒಂದು ಸಣ್ಣ ಯು ಟ್ರ್ಯಾಪ್ ಹಾಕುತ್ತಾರೆ. ಎಣ್ಣೆ ಅಲ್ಲಿ ತುಸು ಕೂಡಿದಾಗ ಗ್ಯಾಸಿನ ದಾರಿ ಕಿರಿದಾಗಿ ವೇಗ ಹೆಚ್ಚುತ್ತದೆ, ಎಣ್ಣೆ ಮೇಲಕ್ಕೆ ಎದ್ದು ಹೋಗುತ್ತದೆ. ಏರು ಎತ್ತರವಾಗಿದ್ದರೆ ನಡುವೆ ಇನ್ನೂ ಟ್ರ್ಯಾಪ್ ಬೇಕಾಗಬಹುದು. ಎಷ್ಟು ಮೀಟರಿಗೊಂದು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ, ಕೆಲವು ಇನ್ವರ್ಟರ್ ಯೂನಿಟ್ಟುಗಳಿಗೆ ಟ್ರ್ಯಾಪೇ ಬೇಡ ಎಂದೂ ಬರೆದಿರುತ್ತಾರೆ. ಅಭ್ಯಾಸಬಲದಿಂದ ಹಾಕಬೇಡಿ, ಮ್ಯಾನ್ಯುಯಲ್ ನೋಡಿ ಹಾಕಿ.

4. ಬ್ರೇಜಿಂಗ್. ಇಡೀ ಕೆಲಸದಲ್ಲಿ ಹೆಚ್ಚು ಮೋಸವಾಗುವುದು ಇಲ್ಲಿ, ಏಕೆಂದರೆ ಮೋಸ ಹೊರಗೆ ಕಾಣುವುದಿಲ್ಲ. ತಾಮ್ರಕ್ಕೆ ತಾಮ್ರ ಬೆಸೆಯಲು ರಂಜಕ ಬೆರೆತ ತಾಮ್ರದ ರಾಡು ಬಳಸುತ್ತಾರೆ, ಪೈಪು 700 ಡಿಗ್ರಿಗಿಂತ ಮೇಲೆ ಕೆಂಪಾಗುವಷ್ಟು ಕಾಯಬೇಕು. ಅಷ್ಟು ಕಾದ ತಾಮ್ರಕ್ಕೆ ಗಾಳಿಯ ಆಮ್ಲಜನಕ ತಾಗಿದರೆ ಕಪ್ಪು ಪದರ ಕಟ್ಟುತ್ತದೆ. ಹೊರಗಿನ ಕಪ್ಪನ್ನು ಉಜ್ಜಿ ತೆಗೆಯಬಹುದು. ಅದೇ ಕಪ್ಪು ಪೈಪಿನ ಒಳಗೂ ಕಟ್ಟಿರುತ್ತದೆ. ಎಸಿ ಓಡಲು ಶುರುವಾದ ಮೇಲೆ ಅದು ಚಕ್ಕೆ ಚಕ್ಕೆಯಾಗಿ ಎದ್ದು, ಎಣ್ಣೆಯಲ್ಲಿ ಸುತ್ತಿ, ಜಾಲರಿಯಲ್ಲಿ, ಎಕ್ಸ್‌ಪಾನ್ಷನ್ ವಾಲ್ವಿನಲ್ಲಿ, ಕಂಪ್ರೆಸರಿನ ಬೇರಿಂಗಿನಲ್ಲಿ ಕೂರುತ್ತದೆ.

ಇದಕ್ಕೆ ಪರಿಹಾರ ಒಂದೇ: ಬೆಸೆಯುವಾಗ ಪೈಪಿನೊಳಗೆ ಒಣ ನೈಟ್ರೋಜನ್ ಹರಿಸುತ್ತಲೇ ಇರಬೇಕು. ಹೆಚ್ಚು ಬೇಡ. ರೆಗ್ಯುಲೇಟರಿನಲ್ಲಿ 3 ಪಿಎಸ್‌ಐ ಆಸುಪಾಸು, ಪೈಪಿನ ಇನ್ನೊಂದು ತುದಿಗೆ ಕೆನ್ನೆ ಹಿಡಿದರೆ ಮೆಲ್ಲನೆ ಗಾಳಿ ಸೋಕಿದಂತೆ ತಿಳಿದರೆ ಸಾಕು. ಜೋರಾಗಿ ಬಿಟ್ಟರೆ ಕರಗಿದ ರಾಡು ಜಾಯಿಂಟಿನಿಂದ ಹೊರಗೆ ಹಾರುತ್ತದೆ. ಇನ್ನೊಂದು ತುದಿ ತೆರೆದೇ ಇರಬೇಕು. ಜಾಯಿಂಟ್ ತಣ್ಣಗಾಗುವವರೆಗೂ ಹರಿವು ನಿಲ್ಲಬಾರದು. ಔಟ್‌ಡೋರಿನ ವಾಲ್ವಿನ ಹತ್ತಿರ ಬೆಸೆಯುವುದಿದ್ದರೆ ವಾಲ್ವಿಗೆ ಒದ್ದೆ ಬಟ್ಟೆ ಸುತ್ತಿ, ಇಲ್ಲದಿದ್ದರೆ ಒಳಗಿನ ಸೀಲು ಬೇಯುತ್ತದೆ.

ಮಾಲೀಕರಿಗೆ ಒಂದು ಮಾತು. ಕೊಟೇಶನ್ನಿನಲ್ಲಿ ‘ನೈಟ್ರೋಜನ್’ ಎಂಬ ಸಾಲು ಇಲ್ಲದಿದ್ದರೆ ಕೇಳಿ. ಬೆಸುಗೆಯ ದಿನ ನೈಟ್ರೋಜನ್ ಸಿಲಿಂಡರ್ ಜಾಗಕ್ಕೆ ಬಂದಿದೆಯೇ ಎಂದು ಕಣ್ಣಾರೆ ನೋಡಿ. ಅನುಮಾನವಿದ್ದರೆ ಉಳಿದ ಪೈಪಿನ ತುಂಡುಗಳಿಂದ ಅದೇ ರೀತಿ ಒಂದು ಜಾಯಿಂಟ್ ಮಾಡಿಸಿ, ಉದ್ದಕ್ಕೆ ಸೀಳಿಸಿ ನೋಡಿ. ಒಳಗೆ ತಾಮ್ರ ಹೊಳೆಯುತ್ತಿದ್ದರೆ ಆ ಕೆಲಸಗಾರರ ಮೇಲೆ ಉಳಿದ ಕೆಲಸಕ್ಕೂ ನಂಬಿಕೆ ಇಡಬಹುದು.

5. ಫ್ಲೇರ್. ಯೂನಿಟ್ಟಿಗೆ ಪೈಪು ಸೇರುವಲ್ಲಿ ಹೆಚ್ಚಾಗಿ ಫ್ಲೇರ್ ನಟ್ಟು ಇರುತ್ತದೆ. ನಾನು ಕಂಡ ಸೋರಿಕೆಗಳಲ್ಲಿ ಹೆಚ್ಚಿನವು ಇಲ್ಲಿಯವೇ. ನಟ್ಟನ್ನು ಮೊದಲು ಪೈಪಿಗೆ ತೊಡಿಸಿ, ಆಮೇಲೆ ಬಾಯಿ ಅಗಲಿಸಿ. ಅಗಲಿಸಿದ ಬಾಯಿಯ ಮೇಲೆ ಗೀರು, ಬಿರುಕು, ಓರೆ ಇರಬಾರದು. ಆರ್-410ಎ, ಆರ್-32ಕ್ಕೆ ಅರ್ಧ ಇಂಚಿನ ಪೈಪಿನ ಫ್ಲೇರ್ ಬಾಯಿಯ ಹೊರ ಅಳತೆ 16.2ರಿಂದ 16.6 ಮಿ.ಮೀ. ಬರಬೇಕು. ಹಳೆಯ ಆರ್-22 ಕಾಲದ ಟೂಲಿನಲ್ಲಿ ಅದೇ ಅಂದಾಜಿಗೆ ಮಾಡಿದರೆ ಬಾಯಿ ಚಿಕ್ಕದಾಗುತ್ತದೆ. ಕೂರುವ ಮುಖಕ್ಕೆ ಅದೇ ಜಾತಿಯ ರೆಫ್ರಿಜರೇಶನ್ ಎಣ್ಣೆ ಒಂದು ಹನಿ ಸವರಿ. ನಟ್ಟನ್ನು ಕೈಯಲ್ಲೇ ಮೂರು ನಾಲ್ಕು ಸುತ್ತು ತಿರುಗಿಸಿ, ಆಮೇಲೆ ಎರಡು ಸ್ಪ್ಯಾನರ್ ಹಿಡಿದು ಬಿಗಿಯಿರಿ. ಬಿಗಿಯುವ ಬಲಕ್ಕೆ ಟಾರ್ಕ್ ರೆಂಚ್ ಬೇಕು: ಕಾಲು ಇಂಚಿಗೆ ಸುಮಾರು 14–18 ನ್ಯೂಟನ್ ಮೀಟರ್, 3/8ಕ್ಕೆ 33–40, ಅರ್ಧ ಇಂಚಿಗೆ 50–60, 5/8ಕ್ಕೆ 62–75. ಯೂನಿಟ್ಟಿನ ಮ್ಯಾನ್ಯುಯಲ್ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಸರಿ. ಸೋರಬಾರದೆಂದು ಮೈಯ ಬಲವೆಲ್ಲ ಹಾಕಿ ಬಿಗಿದರೆ ಫ್ಲೇರ್ ತೆಳುವಾಗಿ ಸೀಳುತ್ತದೆ, ಆ ಸೀಳು ಗೊತ್ತಾಗುವುದು ಎರಡನೆಯ ಬೇಸಿಗೆಗೆ.

6. ಒತ್ತಡ ಪರೀಕ್ಷೆ. ಔಟ್‌ಡೋರಿನ ವಾಲ್ವುಗಳು ಮುಚ್ಚಿರಲಿ, ಅದರೊಳಗೆ ಕಾರ್ಖಾನೆಯಲ್ಲಿ ತುಂಬಿದ ಗ್ಯಾಸಿದೆ. ಪೈಪು ಮತ್ತು ಇಂಡೋರ್ ಯೂನಿಟ್ಟಿಗೆ ಮಾತ್ರ ನೈಟ್ರೋಜನ್ ಏರಿಸಬೇಕು, ಅದೂ ಹಂತ ಹಂತವಾಗಿ. ಮೊದಲು 75 ಪಿಎಸ್‌ಐಗೆ ತಂದು ಐದು ನಿಮಿಷ ಕಾಯಿರಿ. ದೊಡ್ಡ ಸೋರಿಕೆ ಇದ್ದರೆ ಇಲ್ಲೇ ತಿಳಿಯುತ್ತದೆ. ಆಮೇಲೆ 220ಕ್ಕೆ ಏರಿಸಿ ಮತ್ತೆ ಐದು ನಿಮಿಷ. ಕೊನೆಗೆ ಮ್ಯಾನ್ಯುಯಲ್ ಹೇಳಿದ ಪರೀಕ್ಷಾ ಒತ್ತಡಕ್ಕೆ. ಆರ್-410ಎ, ಆರ್-32ರ ಹಲವು ಕಮರ್ಷಿಯಲ್ ಯೂನಿಟ್ಟುಗಳಲ್ಲಿ ಅದು 600 ಪಿಎಸ್‌ಐ ಆಸುಪಾಸು ಇರುತ್ತದೆ. ಪ್ರತಿ ಜಾಯಿಂಟಿಗೂ ಸೋರಿಕೆ ಪರೀಕ್ಷೆಯ ನೊರೆ ದ್ರವ ಹಚ್ಚಿ ನೋಡಿ, ನೋಡಿದ ಮೇಲೆ ಒರೆಸಿ. ನಂತರ 24 ಗಂಟೆ ಹಾಗೆಯೇ ಬಿಡಿ.

ಮರುದಿನ ಗೇಜಿನ ಮುಳ್ಳು ಸ್ವಲ್ಪ ಇಳಿದಿದ್ದರೆ ಕೂಡಲೇ ಸೋರಿಕೆ ಎಂದು ತೀರ್ಮಾನಿಸಬೇಡಿ, ‘ಚಳಿಗೆ ಹಾಗಾಗುತ್ತೆ’ ಎಂದು ತಳ್ಳಿಹಾಕಲೂ ಬೇಡಿ. ಲೆಕ್ಕ ಹಾಕಿ. 600 ಪಿಎಸ್‌ಐ ಇದ್ದಾಗ ಪೈಪಿನ ಉಷ್ಣತೆ ಒಂದು ಡಿಗ್ರಿ ಇಳಿದರೆ ಒತ್ತಡ ಸುಮಾರು 2 ಪಿಎಸ್‌ಐ ಇಳಿಯುತ್ತದೆ. ಕಲಬುರಗಿಯಲ್ಲಿ ಮಧ್ಯಾಹ್ನ 40 ಡಿಗ್ರಿಗೆ 600 ಇಟ್ಟದ್ದು ಬೆಳಗಿನ ಜಾವ 26 ಡಿಗ್ರಿಗೆ 572ರ ಸುತ್ತ ತೋರಿಸಿದರೆ ಪೈಪು ಗಟ್ಟಿಯಾಗಿದೆ. 540 ತೋರಿಸಿದರೆ ಎಲ್ಲೋ ಸೋರುತ್ತಿದೆ. ಅದಕ್ಕೇ ಪರೀಕ್ಷೆ ಶುರುಮಾಡುವಾಗ ಒತ್ತಡದ ಜೊತೆ ಉಷ್ಣತೆಯನ್ನೂ ಗೋಡೆಗೆ ಅಂಟಿಸಿದ ಚೀಟಿಯಲ್ಲಿ ಬರೆದಿಡಬೇಕು.

7. ವ್ಯಾಕ್ಯೂಮ್. ಒತ್ತಡ ಪರೀಕ್ಷೆ ಸೋರಿಕೆಯನ್ನು ಹಿಡಿಯುತ್ತದೆ, ತೇವವನ್ನಲ್ಲ. ತೇವ ತೆಗೆಯುವುದು ವ್ಯಾಕ್ಯೂಮ್ ಪಂಪು. ಪೈಪಿನೊಳಗಿನ ನೀರನ್ನು ಹಿಂಡಿ ತೆಗೆಯಲಾಗದು, ಕುದಿಸಿ ಆವಿ ಮಾಡಿಯೇ ಎಳೆಯಬೇಕು. ಒತ್ತಡ ಇಳಿಸಿದಷ್ಟೂ ನೀರು ಕಡಿಮೆ ಉಷ್ಣತೆಗೇ ಕುದಿಯುತ್ತದೆ: 25 ಡಿಗ್ರಿಯಲ್ಲಿ ಕುದಿಯಬೇಕಾದರೆ ಒತ್ತಡ ಸುಮಾರು 24,000 ಮೈಕ್ರಾನ್‌ಗೆ ಇಳಿಯಬೇಕು (ಮೈಕ್ರಾನ್ ಎಂದರೆ ಇಲ್ಲಿ ಒತ್ತಡದ ಬಲು ಸಣ್ಣ ಅಳತೆ). ಪೂರ್ತಿ ಒಣಗಿಸಲು 500 ಮೈಕ್ರಾನ್ ಅಥವಾ ಅದಕ್ಕಿಂತ ಕೆಳಗೆ ಇಳಿಸುವುದು ಈ ಕಸುಬಿನ ಒಪ್ಪಿತ ಗುರಿ. ಒಂದೇ ಹನಿ ನೀರು 500 ಮೈಕ್ರಾನ್‌ನಲ್ಲಿ ಆವಿಯಾದರೆ ಸುಮಾರು 100 ಲೀಟರ್ ಜಾಗ ತುಂಬುತ್ತದೆ. ಹತ್ತು ನಿಮಿಷ ಪಂಪು ಓಡಿಸಿ ‘ಆಯ್ತು’ ಎನ್ನುವವರಿಗೆ ಈ ಲೆಕ್ಕ ತೋರಿಸಬೇಕು.

ಇಲ್ಲಿ ನಮ್ಮ ಬಯಲುಸೀಮೆಯವರು ತಿಳಿಯಬೇಕಾದದ್ದು ಒಂದಿದೆ. ಸಾಮಾನ್ಯ ಗೇಜಿನ ಮುಳ್ಳು ಮೈನಸ್ 30 ಇಂಚು ಪಾದರಸಕ್ಕೆ ಹೋದರೆ ಪೂರ್ಣ ವ್ಯಾಕ್ಯೂಮ್ ಎಂದು ಕಲಿಸುತ್ತಾರೆ. ಅದು ಸಮುದ್ರಮಟ್ಟದ ಲೆಕ್ಕ. ಮಂಗಳೂರಿಗೆ ಸರಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡವೇ ಸುಮಾರು 27 ಇಂಚು. ಸೊನ್ನೆಗೆ ಸರಿಯಾಗಿ ಹೊಂದಿಸಿದ ಗೇಜು ಬೆಂಗಳೂರಿನಲ್ಲಿ ಎಷ್ಟೇ ಹೊತ್ತು ಪಂಪು ಓಡಿದರೂ 27ರ ಹತ್ತಿರ ನಿಲ್ಲುತ್ತದೆ. 30ಕ್ಕೆ ಹೋಗಲಿಲ್ಲವೆಂದು ಪಂಪಿನ ಮೇಲೆ ಅನುಮಾನ ಪಡುವವರೂ ಇದ್ದಾರೆ, 27ಕ್ಕೆ ಬಂತೆಂದು ಪಂಪು ನಿಲ್ಲಿಸುವವರೂ ಇದ್ದಾರೆ. ಎರಡೂ ತಪ್ಪು, ಏಕೆಂದರೆ ಆ ಮುಳ್ಳಿಗೆ 5,000 ಮೈಕ್ರಾನ್‌ಗೂ 500ಕ್ಕೂ ವ್ಯತ್ಯಾಸ ತೋರಿಸುವ ಶಕ್ತಿಯೇ ಇಲ್ಲ. ಡಿಜಿಟಲ್ ಮೈಕ್ರಾನ್ ಗೇಜ್ ಬೇಕೇ ಬೇಕು. ಅದನ್ನು ಪಂಪಿನ ಬಾಯಿಗೆ ಹಚ್ಚದೆ, ಪಂಪಿನಿಂದ ಆದಷ್ಟು ದೂರದ ತುದಿಗೆ ಹಚ್ಚಿ.

ಮೆದುಗೊಳವೆ ದಪ್ಪವಾಗಿದ್ದು ಗಿಡ್ಡವಾಗಿದ್ದರೆ, ಸರ್ವಿಸ್ ಪೋರ್ಟಿನೊಳಗಿನ ಪಿನ್ನನ್ನು ಅದಕ್ಕೆಂದೇ ಇರುವ ಟೂಲಿನಿಂದ ತೆಗೆದಿದ್ದರೆ ಕೆಲಸ ಬೇಗ ಆಗುತ್ತದೆ. ಪಂಪಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಬದಲಿಸಿ. 500ಕ್ಕೆ ಇಳಿದ ಮೇಲೆ ಪಂಪನ್ನು ಬೇರ್ಪಡಿಸಿ ವಾಲ್ವು ಮುಚ್ಚಿ ಕಾಯಿರಿ. ಅಂಕಿ ಸ್ವಲ್ಪ ಏರಿ ನಿಂತರೆ ಸರಿ. ಒಂದೆರಡು ಸಾವಿರಕ್ಕೆ ಏರಿ ಅಲ್ಲೇ ನಿಂತರೆ ಒಳಗೆ ತೇವವಿದೆ. ನಿಲ್ಲದೆ ಏರುತ್ತಲೇ ಹೋದರೆ ಸೋರಿಕೆ ಇದೆ. ಮಳೆಗಾಲದಲ್ಲಿ ತೇವ ಬಿಡದಿದ್ದಾಗ ಒಣ ನೈಟ್ರೋಜನ್ ಸ್ವಲ್ಪ ತುಂಬಿ, ಬಿಟ್ಟು, ಮತ್ತೆ ಎಳೆಯಿರಿ. ಮಲೆನಾಡಿನ ಜುಲೈನಲ್ಲಿ ಇದನ್ನು ಎರಡು ಮೂರು ಸಲ ಮಾಡಬೇಕಾದೀತು.

8. ಗ್ಯಾಸ್ ಸೇರಿಸುವುದು. ಔಟ್‌ಡೋರಿನಲ್ಲಿ ತುಂಬಿ ಬಂದ ಗ್ಯಾಸ್ ಇಂತಿಷ್ಟು ಮೀಟರ್ ಪೈಪಿಗೆ ಸಾಕು ಎಂದು ಮ್ಯಾನ್ಯುಯಲ್‌ನಲ್ಲಿರುತ್ತದೆ. ಅದಕ್ಕಿಂತ ಉದ್ದವಾದ ಪ್ರತಿ ಮೀಟರಿಗೂ ಇಷ್ಟು ಗ್ರಾಂ ಸೇರಿಸಿ ಎಂದೂ ಇರುತ್ತದೆ. ಒಂದು ಯೂನಿಟ್ಟಿಗೆ 7.5 ಮೀಟರ್‌ವರೆಗಿನ ಗ್ಯಾಸ್ ಇದ್ದು, ಮುಂದೆ ಮೀಟರಿಗೆ 40 ಗ್ರಾಂ ಎಂದಿದ್ದರೆ, 22 ಮೀಟರ್ ಪೈಪಿಗೆ ಇನ್ನೂ 580 ಗ್ರಾಂ ಬೇಕು. ಇದನ್ನು ತೂಕದ ಯಂತ್ರದ ಮೇಲೆ ಸಿಲಿಂಡರ್ ಇಟ್ಟೇ ಹಾಕಬೇಕು. ಗೇಜಿನ ಮುಳ್ಳು ನೋಡಿ, ಪೈಪು ಮುಟ್ಟಿ ಅಂದಾಜಿಗೆ ಹಾಕುವುದು ಇನ್ವರ್ಟರ್ ಯೂನಿಟ್ಟಿಗೆ ಒಗ್ಗುವುದಿಲ್ಲ, ಅಲ್ಲಿ ಒತ್ತಡವೇ ಹೊತ್ತಿಗೊಂದು ರೀತಿ ಇರುತ್ತದೆ. ಆರ್-410ಎ ಎರಡು ರೆಫ್ರಿಜರೆಂಟುಗಳ ಮಿಶ್ರಣ, ಹಾಗಾಗಿ ಅದನ್ನು ಸಿಲಿಂಡರಿನಿಂದ ದ್ರವರೂಪದಲ್ಲೇ ತೆಗೆಯಬೇಕು. ಸೇರಿಸಿದ ಗ್ರಾಂ ಎಷ್ಟೆಂದು ಔಟ್‌ಡೋರಿನ ಮೇಲೆ ಅಳಿಸದ ಮಾರ್ಕರಿನಲ್ಲಿ ಬರೆಯಿರಿ.

9. ಇನ್ಸುಲೇಶನ್ ಮತ್ತು ಕ್ಲ್ಯಾಂಪು. ತಂಪು ನೀರು ತುಂಬಿದ ಸ್ಟೀಲ್ ಲೋಟದ ಹೊರಗೆ ಹನಿ ಕಟ್ಟುವಂತೆಯೇ ಬರಿಯ ಪೈಪಿನ ಮೇಲೂ ಹನಿ ಕಟ್ಟುತ್ತದೆ. ಗಾಳಿ 30 ಡಿಗ್ರಿ ಇದ್ದು ತೇವಾಂಶ ಶೇ 85 ಇದ್ದರೆ, ಕರಾವಳಿಯಲ್ಲಿ ಇದು ಸಾಮಾನ್ಯ, 27 ಡಿಗ್ರಿಗಿಂತ ತಣ್ಣಗಿರುವ ಯಾವುದೇ ಮೈ ಬೆವರುತ್ತದೆ. ಬೆಂಗಳೂರಿನ ಒಣ ಬೇಸಿಗೆಯಲ್ಲಿ ಅದೇ 30 ಡಿಗ್ರಿಗೆ ತೇವಾಂಶ ಶೇ 40 ಇದ್ದರೆ 15 ಡಿಗ್ರಿಯವರೆಗೆ ಬೆವರುವುದಿಲ್ಲ. ಹಾಗಾಗಿ ಬೆಂಗಳೂರಿನಲ್ಲಿ ನಡೆಯುವ ತೆಳು ಇನ್ಸುಲೇಶನ್ ಉಡುಪಿಯಲ್ಲಿ ನಡೆಯದು. ಅಲ್ಲಿ 19 ಮಿ.ಮೀ. ನೈಟ್ರೈಲ್ ರಬ್ಬರ್ ಕೊಳವೆ ಹಾಕುವುದೇ ಕ್ಷೇಮ. ಎರಡೂ ಪೈಪಿಗೆ ಬೇರೆ ಬೇರೆ ಕೊಳವೆ ತೊಡಿಸಿ. ಹಲವು ಸ್ಪ್ಲಿಟ್ ಯೂನಿಟ್ಟುಗಳಲ್ಲಿ ಎಕ್ಸ್‌ಪಾನ್ಷನ್ ವಾಲ್ವು ಔಟ್‌ಡೋರಿನಲ್ಲೇ ಇರುವುದರಿಂದ ಸಣ್ಣ ಪೈಪೂ ತಣ್ಣಗೇ ಇರುತ್ತದೆ. ಕೊಳವೆ ಕೊಳವೆ ಸೇರುವಲ್ಲಿ ಅಂಟು ಹಚ್ಚಿ ಮುಚ್ಚಿ. ಜಾಯಿಂಟಿನ ಮೇಲಿನ ಭಾಗವನ್ನು ಒತ್ತಡ ಪರೀಕ್ಷೆ ಮುಗಿದ ಮೇಲೆಯೇ ಮುಚ್ಚಿ.

ತಾರಸಿಯಲ್ಲಿ ಬಿಸಿಲು ನೈಟ್ರೈಲ್ ರಬ್ಬರನ್ನು ಒಂದೆರಡು ವರ್ಷದಲ್ಲಿ ಪುಡಿ ಮಾಡುತ್ತದೆ, ಮೇಲೆ ಪಿವಿಸಿ ಟ್ರಂಕಿಂಗ್ ಅಥವಾ ಶೀಟಿನ ಹೊದಿಕೆ ಬೇಕು. ಕ್ಲ್ಯಾಂಪುಗಳ ನಡುವೆ ಒಂದರಿಂದ ಒಂದೂವರೆ ಮೀಟರ್ ಅಂತರವಿರಲಿ. ರಬ್ಬರನ್ನು ಹಿಂಡುವಂತೆ ಬಿಗಿಯಬೇಡಿ, ಹಿಂಡಿದ ಜಾಗದಲ್ಲೇ ಹನಿ ಕಟ್ಟುವುದು. 20 ಮೀಟರ್ ತಾಮ್ರದ ಪೈಪು 35 ಡಿಗ್ರಿ ಉಷ್ಣತೆ ಬದಲಾದರೆ ಸುಮಾರು 12 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಅದಕ್ಕೆ ಒಂದೆರಡು ಬಾಗುಗಳಲ್ಲಿ ಸಡಿಲ ಬಿಡಿ.

ಎಚ್ಚರಿಕೆ

ಒತ್ತಡ ಪರೀಕ್ಷೆಗೆ ಆಮ್ಲಜನಕ ಎಂದಿಗೂ ಬಳಸಬಾರದು. ಬ್ರೇಜಿಂಗ್ ಸೆಟ್ಟಿನ ಆಮ್ಲಜನಕ ಸಿಲಿಂಡರ್ ಪಕ್ಕದಲ್ಲೇ ಇದೆ, ನೈಟ್ರೋಜನ್ ಖಾಲಿಯಾಗಿದೆ ಎಂದು ಅದನ್ನೇ ಹಚ್ಚಿದರೆ ಒಳಗಿನ ಎಣ್ಣೆಯೊಡನೆ ಸೇರಿ ಸ್ಫೋಟವಾಗುತ್ತದೆ. ಕಂಪ್ರೆಸರಿನಿಂದ ಗಾಳಿ ತುಂಬುವುದೂ ಬೇಡ. ನೈಟ್ರೋಜನ್ ಸಿಲಿಂಡರಿನ ಒಳಗೆ ಸುಮಾರು 150 ಬಾರ್ ಒತ್ತಡವಿರುತ್ತದೆ, ರೆಗ್ಯುಲೇಟರ್ ಇಲ್ಲದೆ ನೇರವಾಗಿ ಪೈಪಿಗೆ ಹಚ್ಚಿದರೆ ಪ್ರಾಣಾಪಾಯ. ಕಿಟಕಿ ಬಾಗಿಲಿಲ್ಲದ ಕೋಣೆಯಲ್ಲಿ ನೈಟ್ರೋಜನ್ ಬಿಟ್ಟರೆ ಉಸಿರಿಗೆ ಬೇಕಾದ ಗಾಳಿಯನ್ನು ಅದು ಹೊರದಬ್ಬುತ್ತದೆ, ವಾಸನೆಯಿಲ್ಲದ್ದರಿಂದ ತಿಳಿಯುವುದೂ ಇಲ್ಲ.

ರೆಫ್ರಿಜರೆಂಟ್ ಇರುವ ಪೈಪಿಗೆ ಬೆಂಕಿ ಹಿಡಿಯಬೇಡಿ. ಗ್ಯಾಸ್ ಜ್ವಾಲೆಗೆ ಸಿಕ್ಕರೆ ವಿಷಗಾಳಿ ಹುಟ್ಟುತ್ತದೆ. ಆರ್-32 ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗುಣದ್ದು, ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ಕೂಡುತ್ತದೆ. ಪೈಪಿನ ಗಾಳಿಯನ್ನು ಓಡಿಸಲು ಔಟ್‌ಡೋರಿನ ಗ್ಯಾಸನ್ನೇ ಸ್ವಲ್ಪ ಬಿಡುವ ಹಳೆಯ ಪದ್ಧತಿ ಇದಕ್ಕೇ ನಿಲ್ಲಬೇಕು. ಅದರಿಂದ ತೇವವಂತೂ ಹೋಗುವುದಿಲ್ಲ. ಬಿಟ್ಟ ಆರ್-32 ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ 675 ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ, ಆರ್-410ಎ ಆದರೆ 2,088 ಪಟ್ಟು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಸೋರಿಕೆ ಹುಡುಕದೆ ಗ್ಯಾಸ್ ತುಂಬಿಸುವುದು ಎಲ್ಲಕ್ಕಿಂತ ದೊಡ್ಡದು. ‘ಟಾಪ್‌ಅಪ್’ ಎಂದವರನ್ನು ‘ಎಲ್ಲಿ ಸೋರಿದೆ?’ ಎಂದು ಕೇಳಿ, ಆ ಜಾಗ ತೋರಿಸಿದ ಮೇಲೆಯೇ ಹಣದ ಮಾತು.

ಉಳಿದ ಪೈಪನ್ನು ಕತ್ತರಿಸದೆ ಔಟ್‌ಡೋರಿನ ಹಿಂದೆ ಸುರುಳಿ ಸುತ್ತಿ ನಿಲ್ಲಿಸುವುದು ಇನ್ನೊಂದು. ನಿಂತ ಸುರುಳಿಯ ಪ್ರತಿ ಸುತ್ತೂ ಎಣ್ಣೆ ನಿಲ್ಲುವ ಹೊಂಡವಾಗುತ್ತದೆ.

ಇಂಟೀರಿಯರ್ ಕೆಲಸ ಮುಗಿಯುವ ಗಡಿಬಿಡಿಯಲ್ಲಿ, ಒತ್ತಡ ಪರೀಕ್ಷೆಗೆ ಮುನ್ನವೇ ಫಾಲ್ಸ್ ಸೀಲಿಂಗ್ ಮುಚ್ಚಿಸುತ್ತಾರೆ. ಆಮೇಲೆ ಸೋರಿಕೆ ಸಿಕ್ಕರೆ ಜಿಪ್ಸಮ್ ಒಡೆಯಬೇಕು. ಉದ್ಘಾಟನೆಯ ದಿನಾಂಕ ಗೊತ್ತುಮಾಡುವಾಗಲೇ ಪರೀಕ್ಷೆಗೆ ಒಂದು ಪೂರ್ತಿ ದಿನ ಬಿಡಿ.

ಸೀಲಿಂಗಿನಲ್ಲಿ ಕೂರುವ ಕ್ಯಾಸೆಟ್ ಇಂಡೋರ್ ಯೂನಿಟ್ಟಿನಿಂದ ನೀರು ತೊಟ್ಟಿಕ್ಕಿದಾಗ ಎಲ್ಲರೂ ಗ್ಯಾಸ್ ಪೈಪನ್ನೇ ಬಯ್ಯುತ್ತಾರೆ. ಹಲವು ಸಲ ತಪ್ಪು ಡ್ರೈನ್ ಪೈಪಿನ ಇಳಿಜಾರಿನದ್ದು. ಅದಕ್ಕೂ ಇಳಿಜಾರು ಬೇಕು, 100ಕ್ಕೆ 1ರಷ್ಟು.

ಹಳೆಯ ಪೈಪು ಇದೆ, ಅದನ್ನೇ ಬಳಸಬಹುದೇ?

ಹಳೆಯ ಆರ್-22 ಎಸಿ ತೆಗೆದು ಹೊಸ ಆರ್-32 ಹಾಕಿಸುವವರು ಕೇಳುವ ಪ್ರಶ್ನೆ ಇದು. ನನ್ನ ಸಲಹೆ: ಪೈಪು ಹೊರಗೆ ಕಾಣುವಂತಿದ್ದು ಬದಲಿಸಲು ಸುಲಭವಾಗಿದ್ದರೆ ಬದಲಿಸಿಬಿಡಿ. ಗೋಡೆಯೊಳಗೆ ಹೂತಿದ್ದು ತೆಗೆಯಲು ಸಾಧ್ಯವೇ ಇಲ್ಲ ಎಂದಾದರೆ ನಾಲ್ಕು ವಿಷಯ ನೋಡಿ. ಸೈಜು ಹೊಸ ಯೂನಿಟ್ಟಿಗೆ ಹೊಂದಬೇಕು. ಗೋಡೆಯ ದಪ್ಪ ಸಾಕಷ್ಟಿರಬೇಕು. ಹಿಂದಿನ ಕಂಪ್ರೆಸರ್ ಸುಟ್ಟು ಹೋಗಿರಬಾರದು, ಸುಟ್ಟಿದ್ದರೆ ಒಳಗೆ ಆಮ್ಲವಿರುತ್ತದೆ. ಹೊಸ ಯೂನಿಟ್ಟಿನ ಕಂಪನಿ ಹಳೆಯ ಪೈಪಿಗೆ ಒಪ್ಪಿಗೆ ಕೊಟ್ಟಿರಬೇಕು. ಇಷ್ಟೂ ಸರಿಯಿದ್ದರೆ ಹಳೆಯ ಮಿನರಲ್ ಎಣ್ಣೆಯನ್ನು ತೊಳೆಯುವ ದ್ರವ ಹಾಯಿಸಿ, ನೈಟ್ರೋಜನ್ ಊದಿ ತೆಗೆಯಿರಿ. ಹಳೆಯ ಫ್ಲೇರುಗಳನ್ನು ಕತ್ತರಿಸಿ ಹೊಸದಾಗಿ ಮಾಡಿ, ನಟ್ಟುಗಳನ್ನೂ ಬದಲಿಸಿ. ಅರ್ಧ ಮತ್ತು 5/8 ಇಂಚಿನ ಹೊಸ ನಟ್ಟುಗಳು ಹಳೆಯವಕ್ಕಿಂತ ದೊಡ್ಡವು. ಆಮೇಲೆ ಹೊಸ ಪೈಪಿನಂತೆಯೇ ಪರೀಕ್ಷಾ ಒತ್ತಡಕ್ಕೆ ಏರಿಸಿ 24 ಗಂಟೆ ಕಾಯಿರಿ. ಅಲ್ಲಿ ನಿಲ್ಲದ ಪೈಪನ್ನು ಗೋಡೆಯಲ್ಲೇ ಬಿಟ್ಟು, ಹೊರಗಿನಿಂದ ಹೊಸ ಲೈನ್ ಎಳೆಯಿರಿ.

ಹಣದ ಕೊನೆಯ ಕಂತು ಕೊಡುವ ಮುನ್ನ ಒಂದು ಹಾಳೆಯಲ್ಲಿ ಇವಿಷ್ಟನ್ನು ಬರೆಸಿಕೊಂಡು ಸಹಿ ಹಾಕಿಸಿ: ಪೈಪಿನ ಸೈಜು, ಗೋಡೆಯ ದಪ್ಪ, ಒಟ್ಟು ಉದ್ದ, ಜಾಯಿಂಟುಗಳು ಎಲ್ಲೆಲ್ಲಿವೆ, ಒತ್ತಡ ಪರೀಕ್ಷೆಯ ಆರಂಭದ ಮತ್ತು ಕೊನೆಯ ಅಂಕಿ ಉಷ್ಣತೆಯ ಸಮೇತ, ವ್ಯಾಕ್ಯೂಮ್ ಎಷ್ಟು ಮೈಕ್ರಾನ್‌ಗೆ ಇಳಿಯಿತು, ಪಂಪು ನಿಲ್ಲಿಸಿದ ಮೇಲೆ ಎಷ್ಟಕ್ಕೆ ಏರಿ ನಿಂತಿತು, ಹೆಚ್ಚುವರಿ ಗ್ಯಾಸ್ ಎಷ್ಟು ಗ್ರಾಂ. ಸೀಲಿಂಗ್ ಮುಚ್ಚುವ ಮುನ್ನ ಪೈಪಿನ ದಾರಿಯನ್ನು ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಮುಂದೆ ಬರುವ ಮೆಕ್ಯಾನಿಕ್ ಯಾರೇ ಆಗಿರಲಿ, ಗೇಜ್ ಹಚ್ಚುವ ಮುನ್ನ ಮೊದಲು ಈ ಹಾಳೆಯನ್ನು ಅವರ ಕೈಗೆ ಕೊಡಿ.